ಹಣ್ಣು ಹೋದ ಮೇಲೆ ಗುಲಾಬಿ ಬರಬೇಕು

ಹಣ್ಣಿನ ಘಮ ಬೆರೆತ ಗುಲಾಬಿ ಪರ್ಫ್ಯೂಮನ್ನು ನಮ್ಮ ಊರಿನವರ ಕೈಗೆ ಕೊಟ್ಟು ನೋಡಿ. ಮುಚ್ಚಳ ತೆಗೆದು ಮೂಸಿದ ಕೂಡಲೇ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ರೋಸ್ ಮಿಲ್ಕ್ ಇದ್ದ ಹಾಗಿದೆ!’ ಅದು ಹೊಗಳಿಕೆ ಅಲ್ಲ. ಆ ಶೀಶೆ ಬೀರು ಸೇರಿತು ಅಂದರೆ ಮತ್ತೆ ಹೊರಗೆ ಬರೋದು ಯಾರಿಗಾದರೂ ಗಿಫ್ಟ್ ಕೊಡಬೇಕಾದಾಗಲೇ.

ನಾನು ಮೈಸೂರಿನವಳು. ಈಗ ಇರುವುದು ಶಾರ್ಜಾದಲ್ಲಿ, ಕೆಲಸ ದುಬೈನಲ್ಲಿ. ಇಲ್ಲಿಂದ ರಜೆಗೆ ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಒಂದಾದರೂ ಸೆಂಟು ಇರಲೇಬೇಕು, ಇಲ್ಲದಿದ್ದರೆ ಮರ್ಯಾದೆ ಉಳಿಯಲ್ಲ. ಹಾಗಾಗಿ ಎರಡೂ ಕಡೆಯವರು ಅದನ್ನು ಹೇಗೆ ಹಾಕಿಕೊಳ್ಳುತ್ತಾರೆ, ಹೇಗೆ ಅಳೆಯುತ್ತಾರೆ ಅಂತ ನೋಡುತ್ತಲೇ ಇರುತ್ತೇನೆ. ನನ್ನ ಅನಿಸಿಕೆ ಇಷ್ಟು. ಊರಿನವರು ಈ ಬಗೆಯ ಪರ್ಫ್ಯೂಮನ್ನು ತೀರಾ ಬೇಗ ತಳ್ಳಿಹಾಕುತ್ತಾರೆ. ಇಲ್ಲಿಯವರು ಅದು ಎಷ್ಟು ಗಂಟೆ ಉಳಿಯುತ್ತದೆ ಅನ್ನುವುದನ್ನೇ ಜಾಸ್ತಿ ನೋಡುತ್ತಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ: ಹಣ್ಣು ಹಾರಿಹೋದ ಮೇಲೆ ಗುಲಾಬಿ ಬರುತ್ತದೋ ಇಲ್ಲವೋ?

ಮೊದಲು ರೋಸ್ ಮಿಲ್ಕ್ ತಕರಾರು. ಅದು ಸುಮ್ನೆ ಹುಟ್ಟಿದ್ದಲ್ಲ. ಗುಲಾಬಿಯನ್ನು ನಾವು ಮೂಸಿದ್ದಕ್ಕಿಂತ ತಿಂದದ್ದೇ ಜಾಸ್ತಿ. ಗುಲ್ಕನ್, ಫಲೂದ, ಸ್ವೀಟ್ ಬೀಡಾ, ಜಾಮೂನಿನ ಪಾಕಕ್ಕೆ ಎರಡು ಹನಿ ರೋಸ್ ಎಸೆನ್ಸ್. ಆಮೇಲೆ ಊದಿನಕಡ್ಡಿ ಮತ್ತು ಪನ್ನೀರು. ಮದುವೆ ಮನೆ ಬಾಗಿಲಲ್ಲಿ ಹುಡುಗಿಯರು ಪನ್ನೀರುದಾನಿ ಹಿಡಿದು ನಿಂತಿರುತ್ತಾರಲ್ಲ, ಆ ಘಮವೇ ನಮ್ಮ ತಲೆಯೊಳಗಿನ ಗುಲಾಬಿ. ಪನ್ನೀರಿನ ಘಮ ಹಾಗಿರುವುದಕ್ಕೆ ಕಾರಣವೂ ಇದೆ. ಎಸಳನ್ನು ನೀರಲ್ಲಿ ಕುದಿಸಿ ಆವಿ ಇಳಿಸುವಾಗ ಫಿನೈಲ್ ಎಥೈಲ್ ಆಲ್ಕೋಹಾಲ್ ಅನ್ನುವ ಅಂಶ ಬಹುಪಾಲು ನೀರಿನಲ್ಲೇ ಕರಗಿಹೋಗುತ್ತದೆ. ಮೆತ್ತನೆಯ ಸಿಹಿ ಘಮ ಅದರದ್ದೇ. ಮೇಲೆ ತೇಲುವ ಎಣ್ಣೆಯಲ್ಲಿ ಅದು ಕಡಿಮೆ. ಆ ಎಣ್ಣೆಯ ಸ್ವಭಾವವೇ ಬೇರೆ. ಅದರಲ್ಲಿ ನಿಂಬೆಯ ಚುರುಕಿದೆ, ಲವಂಗದ ಖಾರವಿದೆ, ಜೇನಿದೆ. ಹಣ್ಣೂ ಇದೆ.

ಹಣ್ಣೂ ಇದೆ ಅನ್ನುವುದನ್ನು ಒತ್ತಿ ಹೇಳಬೇಕು. ಗುಲಾಬಿಗೆ ಹಣ್ಣು ಸೇರಿಸಿ ಕೆಡಿಸಿದ್ದಾರೆ ಅಂತ ದೂರುವವರಿದ್ದಾರೆ. ಆದರೆ ಹಣ್ಣು ಗುಲಾಬಿಯ ಒಳಗೇ ಇತ್ತು. 1970ರಲ್ಲಿ ಸ್ವಿಟ್ಜರ್ಲೆಂಡಿನ ಫಿರ್ಮೆನಿಕ್ ಅನ್ನುವ ಸುಗಂಧ ಕಂಪನಿಯ ಕೆಮಿಸ್ಟರು ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ ಸಿಕ್ಕ ಡಮಾಸ್ಕೆನೋನ್ ಅನ್ನುವ ವಸ್ತುವಿನ ಬಗ್ಗೆ ಪ್ರಕಟಿಸಿದರು. ಎಣ್ಣೆಯಲ್ಲಿ ಅದು ಸಾವಿರಕ್ಕೆ ಒಂದೆರಡು ಪಾಲು ಅಷ್ಟೇ. ಆದರೂ ಗುಲಾಬಿ ಎಣ್ಣೆ ಗುಲಾಬಿ ಎಣ್ಣೆಯಂತಿರುವುದರಲ್ಲಿ ಅದರ ಪಾತ್ರ ದೊಡ್ಡದು. ಬಿಡಿಯಾಗಿ ಮೂಸಿದರೆ ಬೇಯಿಸಿದ ಸೇಬು, ಪ್ಲಮ್ಮಿನ ನೆನಪು ಬರುತ್ತದೆ. ಅದೇ ರೀತಿ ರೋಸ್ ಆಕ್ಸೈಡ್ ಅಂತ ಇನ್ನೊಂದಿದೆ. ಅದು ಗುಲಾಬಿಯಲ್ಲೂ ಇದೆ, ಲಿಚಿ ಹಣ್ಣಿನಲ್ಲೂ ಇದೆ. ಲಿಚಿ ಮತ್ತು ಗುಲಾಬಿಯನ್ನು ಒಂದೇ ಶೀಶೆಗೆ ಹಾಕುವವರು ಅಪರಿಚಿತರಿಗೆ ಗಂಟು ಹಾಕುತ್ತಿಲ್ಲ, ನೆಂಟರನ್ನೇ ಕೂರಿಸುತ್ತಿದ್ದಾರೆ.

ಆದರೆ ಶೀಶೆಯಲ್ಲಿರುವುದು ನಿಜವಾದ ಲಿಚಿಯಲ್ಲ. ಕಿತ್ತಳೆ, ನಿಂಬೆಯ ಸಿಪ್ಪೆ ಹಿಂಡಿದರೆ ಎಣ್ಣೆ ಸಿಗುತ್ತದೆ. ಪೀಚ್, ಲಿಚಿ, ರಾಸ್‌ಬೆರಿಯಿಂದ ಪರ್ಫ್ಯೂಮಿಗೆ ಆಗುವಷ್ಟು ಎಣ್ಣೆ ಬರುವುದಿಲ್ಲ. ಹಾಗಾಗಿ ಈ ಹಣ್ಣುಗಳೆಲ್ಲ ಲ್ಯಾಬಿನಲ್ಲಿ ಹುಟ್ಟಿದ ಹಣ್ಣುಗಳು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು, ನಾಲ್ಕು ಟನ್ ಹೂವು ಬೇಕು. ಬಲ್ಗೇರಿಯಾದ ಕಝನ್ಲಕ್‌ನಲ್ಲೋ ಟರ್ಕಿಯ ಇಸ್ಪಾರ್ಟದಲ್ಲೋ ಬೆಳಗಿನ ಜಾವ ಕೊಯ್ದ ಹೂವನ್ನೇ ಎಲ್ಲರೂ ಹಾಕಿಕೊಳ್ಳಬೇಕು ಅಂದರೆ ನಮ್ಮ ಸಂಬಳಕ್ಕೆ ಆಗುವ ಮಾತಲ್ಲ.

ಎರಡು ಪರ್ಫ್ಯೂಮನ್ನು ಎದುರು ಬದುರು ಇಟ್ಟು ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. ಒಂದು ಲಾಂಕೋಮ್ ಕಂಪನಿಯ ಟ್ರೆಸೋರ್, 1990ರದ್ದು. ಮಾಡಿದವರು ಸೋಫಿಯಾ ಗ್ರೋಸ್ಮನ್. ಗುಲಾಬಿ ವಿಷಯದಲ್ಲಿ ಅವರದ್ದು ಎತ್ತಿದ ಕೈ, 1983ರ ‘ಪ್ಯಾರಿಸ್’ ಪರ್ಫ್ಯೂಮ್ ಕೂಡ ಅವರದ್ದೇ. ಟ್ರೆಸೋರ್‌ನ ಹಣ್ಣು ಪೀಚ್. ಪೀಚ್ ಘಮ ಕೊಡುವ ವಸ್ತುವನ್ನು ಈ ಕಸುಬಿನವರು ‘ಆಲ್ಡಿಹೈಡ್ ಸಿ-14’ ಅನ್ನುತ್ತಾರೆ (ಅದು ಆಲ್ಡಿಹೈಡೂ ಅಲ್ಲ, ಅದರಲ್ಲಿ ಹದಿನಾಲ್ಕು ಕಾರ್ಬನ್ನೂ ಇಲ್ಲ, ಹೆಸರು ಹಾಗೇ ಉಳಿದುಬಿಟ್ಟಿದೆ). 1919ರಲ್ಲಿ ಫ್ರಾನ್ಸಿನ ಗೆರ್ಲಾನ್ ಕಂಪನಿಯವರು ‘ಮಿಟ್ಸುಕೊ’ ಅನ್ನುವ ಪರ್ಫ್ಯೂಮಿನಲ್ಲಿ ಬಳಸಿ ಅದಕ್ಕೆ ಹೆಸರು ತಂದರು. ಇದು ಬೇಗ ಹಾರುವಂಥದ್ದಲ್ಲ, ಮೈ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಹಾಗಾಗಿ ಟ್ರೆಸೋರ್‌ನಲ್ಲಿ ಹಣ್ಣು ಹೋಗುವುದೇ ಇಲ್ಲ. ಗುಲಾಬಿಯೂ ಪೀಚೂ ಜೊತೆಜೊತೆಗೇ ಸಂಜೆಯವರೆಗೆ ನಡೆಯುತ್ತವೆ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅಂತ ಹೇಳಲಾಗದ ಹೊಂದಾಣಿಕೆ. ಇಂದಿನ ಹುಡುಗಿಯರು ಅದನ್ನು ‘ಅಜ್ಜಿ ಸೆಂಟು’ ಅನ್ನುತ್ತಾರೆ. ಅನ್ನಲಿ ಬಿಡಿ.

ಇನ್ನೊಂದು ‘ಪರ್ಫ್ಯೂಮ್ಸ್ ದ ಮಾರ್ಲಿ’ ಕಂಪನಿಯ ಡೆಲಿನಾ, 2017ರದ್ದು. ಮಾಡಿದವರು ಕ್ವೆಂಟಿನ್ ಬಿಷ್. ಗುಲಾಬಿ ಬಣ್ಣದ ಶೀಶೆ, ಗುಲಾಬಿ ಬಣ್ಣದ ಕುಚ್ಚು. ದುಬೈಯ ಮಾಲುಗಳಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಇದರ ಘಮ ಎದುರಾಗುತ್ತದೆ. ಮೊದಲು ಲಿಚಿ, ಜೊತೆಗೆ ರುಬಾರ್ಬ್. ರುಬಾರ್ಬ್ ಅಂದರೆ ಯುರೋಪಿನವರು ಸಕ್ಕರೆ ಹಾಕಿ ಬೇಯಿಸುವ ಕೆಂಪು ದಂಟು. ನಮಗೆ ಅರ್ಥವಾಗಬೇಕು ಅಂದರೆ ಪುಂಡಿ ಸೊಪ್ಪಿನ ಹುಳಿ ನೆನೆಸಿಕೊಳ್ಳಿ. ಇಡೀ ಪರ್ಫ್ಯೂಮಿನ ಬುದ್ಧಿವಂತಿಕೆ ಇರುವುದು ಆ ಹುಳಿಯಲ್ಲೇ. ಅದಿಲ್ಲದಿದ್ದರೆ ನಿಜಕ್ಕೂ ರೋಸ್ ಮಿಲ್ಕೇ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಳಿ ಹೋಗುತ್ತದೆ, ಲಿಚಿ ತೆಳುವಾಗುತ್ತದೆ, ಆಗ ಗುಲಾಬಿ ಎದ್ದು ನಿಲ್ಲುತ್ತದೆ. ಕೊನೆಗೆ ಉಳಿಯುವುದು ಮಸ್ಕ್ (ಕಸ್ತೂರಿಯಂಥ ಘಮ) ಮತ್ತು ಒಂಚೂರು ವೆನಿಲಾ. ನನಗೆ ಇಷ್ಟವಾಗುವುದು ಮಧ್ಯದ ಭಾಗ. ಕೊನೆಯ ಭಾಗ ಇಷ್ಟವಿಲ್ಲ, ಒಗೆದ ಬಟ್ಟೆಯ ವಾಸನೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ನನಗಂತೂ ಕಾಣುವುದಿಲ್ಲ.

ಆದರೆ ನಮ್ಮವರು ಮಧ್ಯದ ಭಾಗದವರೆಗೆ ಕಾಯುವುದೇ ಇಲ್ಲ ಅಲ್ವಾ? ಮುಚ್ಚಳ ಮೂಸುವುದು, ಕೈಗೆ ಸಿಂಪಡಿಸಿದ ತಕ್ಷಣ ಎರಡೂ ಮಣಿಕಟ್ಟು ತಿಕ್ಕುವುದು, ತೀರ್ಪು ಕೊಡುವುದು. ಮೊದಲ ನಿಮಿಷದಲ್ಲಿ ಮೂಗಿಗೆ ಬರುವುದು ಆಲ್ಕೋಹಾಲ್ ಮತ್ತು ಹಣ್ಣು. ಲಿಚಿ ಅಂದರೆ ನಮಗೆ ಗೊತ್ತಿರುವುದು ಪ್ಯಾಕೆಟ್ ಜ್ಯೂಸು, ಗುಲಾಬಿ ಅಂದರೆ ಶರಬತ್ತು. ಎರಡೂ ಸೇರಿದರೆ ಮೂಗು ಅದನ್ನು ಜ್ಯೂಸ್ ಅಂಗಡಿಗೆ ಕಳಿಸಿಬಿಡುತ್ತದೆ.

ಕೊಲ್ಲಿಯವರ ಪದ್ಧತಿ ಬೇರೆ. ಇಲ್ಲಿಯ ಎಮಿರಾತಿ ಹೆಂಗಸರು ಗುಲಾಬಿಯನ್ನು ಒಂಟಿಯಾಗಿ ಹಾಕಿಕೊಳ್ಳುವುದು ನಾನು ನೋಡಿದ್ದು ಕಡಿಮೆ. ಮೊದಲು ಮಬ್ಖರ ಅನ್ನುವ ಧೂಪದಾನಿಯಲ್ಲಿ ಕೆಂಡದ ಮೇಲೆ ಬಖೂರ್, ಅಂದರೆ ಘಮದ ಧೂಪ ಹಾಕಿ, ಮೈ ಮುಚ್ಚುವ ಅಬಾಯಾಕ್ಕೆ ಹೊಗೆ ಹಿಡಿಸುತ್ತಾರೆ. ಆಮೇಲೆ ಕಿವಿಯ ಹಿಂದೆ, ಮಣಿಕಟ್ಟಿಗೆ ಊದ್ (ಅಗರು ಮರ) ಅಥವಾ ಮಸ್ಕ್ ಎಣ್ಣೆ. ಕೊನೆಗೆ ಮೇಲಿಂದ ಫ್ರೆಂಚ್ ಸ್ಪ್ರೇ. ಹಣ್ಣಿನ ಗುಲಾಬಿ ಬರುವುದು ಈ ಮೂರನೇ ಪದರದಲ್ಲಿ. ಕೆಳಗಿರುವ ಹೊಗೆ, ಮರದ ಕಹಿ ಅದರ ಸಿಹಿಯನ್ನು ಹಿಡಿದು ಕೂರಿಸುತ್ತದೆ. ನನಗೆ ಇದನ್ನು ತೋರಿಸಿಕೊಟ್ಟದ್ದು ಆಫೀಸಿನ ಸಹೋದ್ಯೋಗಿ. ಅವಳ ತಲೆವಸ್ತ್ರ ಶೇಲಾದಲ್ಲಿ ಬಂದ ಡೆಲಿನಾ ನನ್ನ ಚೂಡಿದಾರಿನ ಮೇಲಿನ ಡೆಲಿನಾ ಆಗಿರಲೇ ಇಲ್ಲ, ಅದಕ್ಕೆ ಬೇರೆಯೇ ಗಾಂಭೀರ್ಯ ಬಂದಿತ್ತು. ರೋಸ್ ಮಿಲ್ಕ್ ಅನ್ನುವವರಿಗೆ ನಾನು ಹೇಳುವ ಉಪಾಯವೂ ಇದೇ. ಊದ್ ಬೇಕಾಗಿಲ್ಲ. ಮೈಸೂರಿನವರ ಮನೆಯಲ್ಲಿ ಶ್ರೀಗಂಧದ ಎಣ್ಣೆಯ ಪುಟ್ಟ ಶೀಶೆ ಇದ್ದರೂ ಇರಬಹುದು. ನೂರು ವರ್ಷಕ್ಕೂ ಹಿಂದಿನಿಂದ ಗಂಧದೆಣ್ಣೆ ಕಾರ್ಖಾನೆ ಇಟ್ಟುಕೊಂಡ ಊರು ನಮ್ಮದು. ಒಂದು ತೊಟ್ಟು ಕೆಳಗೆ ಹಚ್ಚಿ, ಮೇಲೆ ಗುಲಾಬಿ ಹಾಕಿ ನೋಡಿ. ಉತ್ತರ ಪ್ರದೇಶದ ಕನೌಜಿನಲ್ಲಿ ಗುಲಾಬಿ ಅತ್ತರನ್ನು ಹಿಂದಿನಿಂದಲೂ ಗಂಧದೆಣ್ಣೆಯ ಮೇಲೇ ಇಳಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಅಂದ ಹಾಗೆ, ಇಲ್ಲಿ ‘ಊದ್ ಬಂದ ಮೇಲೆ ಕೂರುವಂತಿಲ್ಲ’ ಅಂತ ಒಂದು ಅರಬ್ಬಿ ಗಾದೆಯಿದೆ. ಮಬ್ಖರ ಎದುರಿಗೆ ಬಂತು ಅಂದರೆ ಅತಿಥಿ ಎದ್ದು ಹೊರಡಬೇಕು. ನಮ್ಮಲ್ಲಿ ಪನ್ನೀರು ಬಾಗಿಲಲ್ಲೇ, ಬರುವಾಗಲೇ. ಹೊರಡುವಾಗ ತಾಂಬೂಲ. ಅವರದ್ದು ಮನೆಯ ಘಮವನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟು ಕಳಿಸುವ ರೀತಿ. ಅಷ್ಟು ಮಟ್ಟಿಗೆ ಅವರ ಕ್ರಮ ನನಗೆ ಹೆಚ್ಚು ಹಿಡಿಸಿತು.

ಇನ್ನೊಂದು ವಿಷಯದಲ್ಲೂ ಅವರದ್ದೇ ಸರಿ. ‘ಹೆಂಗಸರಿಗೆ’ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೌದಿಯ ತಾಯಿಫ್ ಬೆಟ್ಟದಲ್ಲಿ ಬೆಳೆಯುವ ಗುಲಾಬಿಯ ಎಣ್ಣೆಯನ್ನು ಗಡ್ಡಕ್ಕೆ ಸವರಿಕೊಂಡು ಬರುವ ಗಂಡಸರಿದ್ದಾರೆ, ಯಾರೂ ನಗುವುದಿಲ್ಲ. ನಮ್ಮಲ್ಲೂ ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸಿಕೊಳ್ಳುವ ಯಜಮಾನರು ಇದ್ದರು. ಈಗ ಗುಲಾಬಿ ಹಾಕಿಕೊಂಡ ಹುಡುಗನನ್ನು ಗೆಳೆಯರು ಬಿಡುತ್ತಾರಾ?

ಅವರ ಒಂದು ಅಭ್ಯಾಸ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ ‘ಎಷ್ಟು ಗಂಟೆ ಇರುತ್ತದೆ?’ ದುಬೈನ ದೇರಾದ ಪರ್ಫ್ಯೂಮ್ ಸೂಕ್‌ನಲ್ಲಿ (ಸೂಕ್ ಅಂದರೆ ಪೇಟೆ) ಮಾರುವವರು ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಅಂತ ಹರಾಜು ಕೂಗಿದ ಹಾಗೆ ಏರಿಸುತ್ತಾ ಹೋಗುತ್ತಾರೆ. ಆ ಚಟ ಈಗ ನಮ್ಮ ಹೊರನಾಡಿನವರಿಗೂ ಹತ್ತಿದೆ, ಅವರಿಂದ ಊರಿಗೂ ಹೋಗಿದೆ. ಡೆಲಿನಾದ ಹಾಗಿರುತ್ತದೆ ಅಂತ ಹತ್ತನೇ ಒಂದು ಬೆಲೆಗೆ ಮಾರುವ ಶೀಶೆಗಳು ಇಲ್ಲಿ ಬೇಕಾದಷ್ಟಿವೆ. ಮೊದಲ ಹತ್ತು ನಿಮಿಷ ಅಸಲಿಗೂ ಅದಕ್ಕೂ ಎಷ್ಟೋ ಜನಕ್ಕೆ ಗುರುತು ಸಿಗುವುದಿಲ್ಲ. ಅಗ್ಗದ ಹಣ್ಣು ಮಾಡುವುದು ಸುಲಭ. ಬಹಳ ಹೊತ್ತು ಉಳಿಯುವ ಮಸ್ಕ್ ಕೂಡ ದುಬಾರಿಯಲ್ಲ. ಕಷ್ಟ ಇರುವುದು ನಡುವೆ. ಒಂದು ಗಂಟೆ ಬಿಟ್ಟು ಮಣಿಕಟ್ಟು ಮೂಸಿ. ಲಿಚಿ ಹೋಗಿದೆ, ಗುಲಾಬಿ ಇನ್ನೂ ಬಂದಿಲ್ಲ, ಬರೀ ಸಿಹಿ ಅಂಟಿಕೊಂಡು ಕೂತಿದೆ. ಅದು ಇಪ್ಪತ್ನಾಲ್ಕು ಗಂಟೆ ಉಳಿದರೆ ಲಾಭ ಯಾರಿಗೆ? ಹಾಗಂತ ಅಗ್ಗದ್ದೆಲ್ಲ ಕೆಟ್ಟದ್ದು ಅಂತಲ್ಲ. ಗುಲಾಬಿ ಬರುವ ಅಗ್ಗದ ಶೀಶೆಗಳೂ ಇವೆ, ಹುಡುಕಬೇಕು. ಅಂಗಡಿಯವರು ಸಿಂಪಡಿಸಿ ಕೊಡುವ ಕಾಗದದ ಪಟ್ಟಿಯ ಮೇಲೆ ಹುಡುಕಿದರೆ ಸಾಲದು. ಮೈ ಬಿಸಿಗೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು.

ಗಂಟೆಯ ಲೆಕ್ಕದಲ್ಲಿ ನಮ್ಮ ಊರಿನ ಹಳೆಯ ಮನಸ್ಸೇ ಮೇಲು. ಬೆಳಗ್ಗೆ ಮುಡಿದ ಮಲ್ಲಿಗೆ ಸಂಜೆಗೆ ಬಾಡುತ್ತದೆ ಅಂತ ಯಾರೂ ಹೂವಾಡಗಿತ್ತಿಯ ಹತ್ತಿರ ಜಗಳಕ್ಕೆ ಹೋಗುವುದಿಲ್ಲ. ಬಾಡಿದರೆ ತೆಗೆದು ಇನ್ನೊಂದು ಮೊಳ ಮುಡಿಯುತ್ತೇವೆ. ಹಣ್ಣಿನ ಗುಲಾಬಿಯನ್ನೂ ಹಾಗೇ ಹಾಕಿಕೊಳ್ಳಬೇಕು ಅನ್ನುವುದು ನನ್ನ ವಾದ. ಅದರ ಚೆಲುವು ಇರುವುದೇ ಮೊದಲ ಎರಡು, ಮೂರು ಗಂಟೆಯಲ್ಲಿ. ಪರ್ಸಿನಲ್ಲಿ ಚಿಕ್ಕ ಶೀಶೆ ಇಟ್ಟುಕೊಂಡು ಮತ್ತೊಮ್ಮೆ ಹಾಕಿಕೊಂಡರಾಯಿತು. ಆಗಸ್ಟ್ ತಿಂಗಳಲ್ಲಿ ಇಲ್ಲಿ ಕಾರಿನಿಂದ ಇಳಿದು ಆಫೀಸು ಬಾಗಿಲು ಸೇರುವುದರೊಳಗೆ ಪೀಚಿನ ಸಿಹಿ ಎರಡು ಪಟ್ಟು ಉಬ್ಬುತ್ತದೆ. ಒಳಗೆ ಏಸಿಗೆ ಬಂದ ಕೂಡಲೇ ಎಲ್ಲ ತಣ್ಣಗಾಗಿ ಮುದುಡುತ್ತದೆ. ಹೊರಗಿನ ಲೆಕ್ಕಕ್ಕೆ ಹಾಕಿಕೊಂಡವರ ಘಮ ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ, ಒಳಗಿನ ಲೆಕ್ಕಕ್ಕೆ ಹಾಕಿಕೊಂಡವರ ಜೊತೆ ಲಿಫ್ಟಿನಲ್ಲಿ ಹೋಗಲಾಗುವುದಿಲ್ಲ. ಟ್ರೆಸೋರ್ ಆದರೆ ಬೇಸಿಗೆಯಲ್ಲಿ ಒಂದೇ ಸಲ ಒತ್ತಬೇಕು, ಅದೂ ಬಟ್ಟೆಯ ಒಳಗೆ. ಕೆನಡಾದಲ್ಲಿರುವ ನನ್ನ ಅತ್ತಿಗೆಗೆ ಈ ಯಾವ ಕಷ್ಟವೂ ಇಲ್ಲ. ಅವರ ಆಫೀಸಿನಲ್ಲಿ ಸೆಂಟು ಹಾಕಿಕೊಂಡು ಬರಬೇಡಿ ಅಂತ ಬೋರ್ಡೇ ಹಾಕಿದ್ದಾರೆ.

ಮಲ್ಲಿಗೆಯ ಮಾತು ಬಂತಲ್ಲ, ಒಂದು ಕಿವಿಮಾತು. ಇಲ್ಲಿಯ ರಾಜ್ಯೋತ್ಸವಕ್ಕೆ, ಮದುವೆಗಳಿಗೆ ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆ ಮುಡಿದು, ಮೇಲಿಂದ ಇಂಥ ಸೆಂಟು ಹೊಡೆದುಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ಮಲ್ಲಿಗೆ ಇದ್ದ ದಿನ ಮಲ್ಲಿಗೆಗೆ ಬಿಡಿ. ಎರಡು ಸಿಹಿ ಒಂದೇ ತಲೆಯ ಸುತ್ತ ಗುದ್ದಾಡಿದರೆ ಹತ್ತಿರ ಕೂತವರಿಗೆ ತಲೆನೋವು. ರೇಷ್ಮೆ ಸೀರೆಗೆ ನೇರವಾಗಿ ಸಿಂಪಡಿಸಿದರೆ ಕಲೆಯೂ ಬೀಳಬಹುದು.

ಈ ಸಲ ಊರಿಗೆ ಒಯ್ಯುವ ಪಟ್ಟಿ ಆಗಿದೆ. ಚಿಕ್ಕಮ್ಮನಿಗೆ ಟ್ರೆಸೋರ್, ಅವರಿಗೆ ಹಣ್ಣು ಹೋಗದೆ ಉಳಿಯುವುದೇ ಇಷ್ಟವಾಗುತ್ತದೆ ಅಂತ ನನ್ನ ಅಂದಾಜು. ಅವರ ಮಗಳು ಡೆಲಿನಾ ಕೇಳಿದ್ದಾಳೆ. ಶೀಶೆ ಕೊಡುವ ಮುಂಚೆ ಅವಳ ಕೈಗೆ ಒಂದು ಸಲ ಹಾಕಿ, ಊಟ ಮುಗಿಯುವವರೆಗೆ ಮಾತಾಡಬೇಡ ಅಂತ ಹೇಳುವವಳಿದ್ದೇನೆ. ಚಿಕ್ಕಪ್ಪನಿಗೆ ತಾಯಿಫ್ ಗುಲಾಬಿಯ ಅತ್ತರು, ಮೂರು ಮಿಲಿಯ ಪುಟ್ಟ ಶೀಶೆ. ಹಾಕಿಕೊಳ್ಳುತ್ತಾರೋ, ದೇವರ ಮನೆಯಲ್ಲಿ ಇಡುತ್ತಾರೋ, ಅವರಿಗೆ ಬಿಟ್ಟದ್ದು.