ದುಂಡು ಮೊಹರಿನ ಮಹಿಮೆ

ದಾಸ್ತಾನು ವಹಿಯ ಪ್ರಕಾರ 500 ಇರಬೇಕಾಗಿದ್ದ, ಮಕ್ಕಳಿಗೆ ಎಣಿಕೆ ಕಲಿಸುವ ಹುಣಸೆ ಬೀಜಗಳು ಎಣಿಸಿದಾಗ 431 ಮಾತ್ರ ಸಿಕ್ಕಿದ್ದರಿಂದ, ಉಳಿದ 69 ಬೀಜಗಳು ಎಲ್ಲಿಗೆ ಹೋದವೆಂಬುದಕ್ಕೆ ಲಿಖಿತ ವಿವರಣೆ ಕೊಡಬೇಕೆಂದು ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಮೊನ್ನೆ ಶನಿವಾರ ನನಗೆ ಅಪ್ಪಣೆ ಮಾಡಿದರು. ತುಮಕೂರು ಜಿಲ್ಲೆಯಲ್ಲಿ ಹುಣಸೆ ಬೀಜ ಕಳೆದುಹೋಯಿತೆಂದು ಒಬ್ಬರು ಇನ್ನೊಬ್ಬರಿಂದ ಜವಾಬು ಕೇಳಿದ್ದು ಇದೇ ಮೊದಲಿರಬೇಕು. ಬೇಸಿಗೆ ಬಂತೆಂದರೆ ನಮ್ಮ ಗುಬ್ಬಿ ಕಡೆಯ ಹಳ್ಳಿಗಳ ಜಗುಲಿಗಳಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕೂತಿರುತ್ತಾರೆ. ನಮ್ಮ ಶಾಲೆಗೆ ಬಂದ ಬೀಜವೂ ಆಗ ಒಂದನೇ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ಅಜ್ಜಿ ಮೊರದಿಂದ ನನ್ನ ಬ್ಯಾಗಿಗೆ ಸುರಿದದ್ದೇ ಹೊರತು, ಸರ್ಕಾರದ ಒಂದು ಬಿಡಿಗಾಸೂ ಅದರಲ್ಲಿಲ್ಲ. ಆಕೆ ಎಣಿಸಿ ಕೊಡಲಿಲ್ಲ. ಎಣಿಸಿ ಬರೆದುಕೊಂಡವರು ನಮ್ಮ ಸಾಹೇಬರು.

ವಿವರಣೆಯೇನೋ ಸುಲಭವಾಗಿತ್ತು. ಕೆಲವಕ್ಕೆ ಹುಳು ಬಿದ್ದಿತ್ತು, ಕೆಲವನ್ನು ಮಕ್ಕಳು ಜೇಬಿನಲ್ಲಿ ಮನೆಗೆ ಒಯ್ದು ಹುರಿಸಿಕೊಂಡು ತಿಂದಿದ್ದರು, ಮತ್ತೆ ಕೆಲವನ್ನು ಶಾಲೆಯ ಮೆಟ್ಟಿಲುಗಲ್ಲಿಗೆ ಉಜ್ಜಿ, ಹೋಳು ಮಾಡಿ, ಚೌಕಾಬಾರದ ದಾಳವಾಗಿಸಿಕೊಂಡಿದ್ದರು. ಒಂದು ಬೀಜ ಎರಡು ಹೋಳಾದ ಮೇಲೆ ದಾಸ್ತಾನು ಕಡಿಮೆಯಾದಂತೆಯೋ ಹೆಚ್ಚಾದಂತೆಯೋ ಎಂದು ನಾನು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮೇಡಂ, ಆಡಿಟ್‌ನವರ ಮುಂದೆ ಇಂಥ ಮಾತು ನಡೆಯುವುದಿಲ್ಲ" ಎಂದರು.

ಅವರ ಭಯಕ್ಕೂ ಕಾರಣವಿಲ್ಲದಿಲ್ಲ. ಹಿಂದೆ ಯಾವುದೋ ಊರಿನಲ್ಲಿ ಪ್ರಭಾರ ಬಿಟ್ಟುಕೊಡುವಾಗ, ವಹಿಯಲ್ಲಿದ್ದು ಬೀರುವಿನಲ್ಲಿಲ್ಲದ ಗ್ಲೋಬೊಂದಕ್ಕೆ ಅವರು ಕೈಯಿಂದ ದುಡ್ಡು ಕಟ್ಟಿದ್ದರಂತೆ. ಈಗ ನಿವೃತ್ತಿ ಹತ್ತಿರ ಬಂದಿದೆ, ಬೇಬಾಕಿ ಪತ್ರ ಕೈಗೆ ಸಿಗುವವರೆಗೆ ಅವರಿಗೆ ನಿದ್ದೆಯಿಲ್ಲ. ಹಾಗಾಗಿ ಶಾಲೆಯ ಬಾಗಿಲು ದಾಟಿ ಒಳಗೆ ಬಂದ ಯಾವ ವಸ್ತುವೂ, ತೆಂಗಿನ ಗರಿಯ ಕಡ್ಡಿಯಿಂದ ನಾನು ಕಟ್ಟಿದ ಹತ್ತರ ಕಟ್ಟುಗಳೂ, ಅದಕ್ಕೆ ಹಾಕಿದ ರಬ್ಬರ್ ಬ್ಯಾಂಡುಗಳೂ, ಕ್ರಮಸಂಖ್ಯೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ರಟ್ಟಿನ ಮೇಲೆ ಅಂಟು ಹಚ್ಚಿ ರಾಗಿ ಉದುರಿಸಿ, ಮಕ್ಕಳು ಬೆರಳಾಡಿಸಿ ತಿದ್ದಲೆಂದು ನಾನು ಮಾಡಿದ ಅಕ್ಷರಗಳನ್ನು ಅವರು ಸುರಕ್ಷಿತವಾಗಿರಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಲ್ಲಿ ಇಲಿಗಳು ಸ್ವರಾಕ್ಷರಗಳಷ್ಟನ್ನೂ ತಿಂದು ಮುಗಿಸಿದವು.

ಆದರೆ ಬೀಗಕ್ಕಿಂತ ನನ್ನನ್ನು ಕಾಡಿದ್ದು ಅವರ ಮೊಹರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಚಿಗುರಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ಸಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಅದು ಹೊರಡುತ್ತದೆ. 49 ಅಕ್ಷರ ಮುಗಿಯಲೆಂದು ಕಾಯದೆ, ಈ ಐದು ಕೈಗೆ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ಮೊದಲ ಬಾರಿಗೆ 'ಗರಗಸ' ಓದಿದ ಮಗುವಿನ ಮುಖವನ್ನು ನೋಡಿದವರು ಈ ಏರ್ಪಾಟಿಗೆ ಎದುರಾಡುವುದಿಲ್ಲ. ಆದರೆ ದಿನವೂ ಕೈಯಿಂದ ಕೈಗೆ ಓಡಾಡುವ ಮಿಂಚುಪಟ್ಟಿಗಳು, ಅಂದರೆ ಅಕ್ಷರ ಬರೆದ ಫ್ಲಾಶ್ ಕಾರ್ಡುಗಳು, ಬೇಗ ಸವೆಯುವುದರಿಂದ, ಹೊಸವನ್ನು ನಾವೇ ಮಾಡಿಕೊಳ್ಳಬೇಕು. ನಾನು ಬಂಧುಬಳಗದ ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಹಾಕಿ, ಅವುಗಳ ಖಾಲಿ ಬೆನ್ನ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಅಕ್ಷರ ಬರೆದು, ಒಂದು ಭಾನುವಾರವನ್ನು ಅದಕ್ಕೆ ಅರ್ಪಿಸಿ ಸೋಮವಾರ ತಂದೆ.

ಮಧ್ಯಾಹ್ನದೊಳಗೆ ಪ್ರತಿ ಪಟ್ಟಿಯ ಮೇಲೂ, ಅಕ್ಷರದ ಬಲ ಮಗ್ಗುಲಿಗೆ ತಾಗಿದಂತೆ, ಶಾಲೆಯ ದುಂಡು ಮೊಹರು ನೇರಳೆ ಶಾಯಿಯಲ್ಲಿ ಬಿದ್ದಿತ್ತು.

ಕನ್ನಡದಲ್ಲಿ ಅಕ್ಷರದ ಬಲಕ್ಕೆ ಒಂದು ಸೊನ್ನೆ ಬಿದ್ದರೆ ಏನಾಗುತ್ತದೆಂದು ಮೂರನೇ ತರಗತಿಯ ಮಕ್ಕಳಿಗೆ ಗೊತ್ತು. ನಲಿ-ಕಲಿಯಲ್ಲಿ ಮೂರೂ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಅಂದು ಮೂರನೇ ತರಗತಿಯ ಹುಡುಗನೊಬ್ಬ ಬಹಳ ನಿಷ್ಠೆಯಿಂದ ಒಂದನೇ ತರಗತಿಯವರಿಗೆ ರಂ, ಗಂ, ಸಂ, ದಂ, ಅಂ ಎಂದು ಹೇಳಿಕೊಟ್ಟ. ಸರ 'ಸಂರಂ' ಆಯಿತು, ಅರಸ 'ಅಂರಂಸಂ' ಆದ, ಗರಗಸವಂತೂ 'ಗಂರಂಗಂಸಂ' ಎಂದು ಮೊಳಗಿತು. ಹೋಮಕ್ಕೆ ಕೂತ ಪುರೋಹಿತರಂತೆ ಸಾಲಾಗಿ ಚಕ್ಕಂಬಕ್ಕಳ ಹಾಕಿಕೊಂಡು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರೆ, ಬಿಸಿಯೂಟದ ಅಡುಗೆಯಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು, "ಏನ್ ಮಿಸ್, ಇವತ್ತು ಪೂಜೆ ಇಟ್ಕೊಂಡಿದೀರಾ? ಮೊದಲೇ ಹೇಳಿದ್ರೆ ಒಂದಿಷ್ಟು ಕೇಸರಿಬಾತ್ ಮಾಡ್ತಿದ್ದೆ" ಎಂದರು. ಒಂದನೇ ತರಗತಿಯ ಪುಟ್ಟನೊಬ್ಬ ಸ್ಲೇಟಿನ ಮೇಲೆ 'ರ' ಬರೆದು, ಪಕ್ಕದಲ್ಲಿ ಒಂದರೊಳಗೊಂದು ಎರಡು ಸುತ್ತು ಎಳೆದು, ಅವುಗಳ ನಡುವೆ ಸುತ್ತಲೂ ಸಣ್ಣ ಸಣ್ಣ ಗೀಟು ಹಾಕಿ, ನಟ್ಟನಡುವೆ ಒಂದು ನಕ್ಷತ್ರವನ್ನೂ ಇಟ್ಟಿದ್ದ. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಅವನು ಪಟ್ಟ ಶ್ರಮ ಎಷ್ಟಿತ್ತೆಂದರೆ, ಅಳಿಸು ಎನ್ನಲು ನನಗೆ ಬಾಯಿ ಬರಲಿಲ್ಲ.

ಮೊಹರನ್ನು ಪಟ್ಟಿಯ ಹಿಂಬದಿಗೆ ಹಾಕಬಹುದಿತ್ತಲ್ಲ ಸರ್ ಎಂದು ಕೇಳಿದೆ. ಅವರು ಪಟ್ಟಿಯನ್ನು ತಿರುಗಿಸಿ ತೋರಿಸಿದರು. "ಇಲ್ಲಿ ವಧೂವರರ ಹೆಸರಿದೆ ಮೇಡಂ. ಇದರ ಮೇಲೆ ಸರ್ಕಾರಿ ಮೊಹರು ಒತ್ತಿದರೆ ಮದುವೆಯನ್ನು ನಾನೇ ದೃಢೀಕರಿಸಿದಂತಾಗುತ್ತದೆ. ನಾಳೆ ಅವರಿಬ್ಬರೂ ಕೋರ್ಟಿಗೆ ಹೋದರೆ?" ಹಾಗೆ ನೋಡಿದರೆ ಆ ವಧೂವರರಿಗೆ ಈಗ ಇಬ್ಬರು ಮಕ್ಕಳು.

ಇಷ್ಟೊಂದು ಲೆಕ್ಕದ ನಡುವೆ ಒಂದಕ್ಕೆ ಮಾತ್ರ ವಹಿಯಲ್ಲಿ ಕಲಂ ಇಲ್ಲ. ನಾನು ಈ ಶಾಲೆಗೆ ಬಂದಾಗ ಹಾಸುತ್ತಿದ್ದ ಚಾಪೆಗಳಲ್ಲಿ ಎರಡನ್ನು ಈಗ ಸುತ್ತಿ ಮೂಲೆಗಿಟ್ಟಿದ್ದೇವೆ. ಬೆಳಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಹಳದಿ ಬಣ್ಣದ ವ್ಯಾನೊಂದು ಪೇಟೆಯ ಕಡೆಗೆ ಹೊರಡುತ್ತದೆ, ಅದರ ಕಿಟಕಿಯಿಂದ ನನ್ನ ಹಳೆಯ ಮಕ್ಕಳು ಕೈ ಬೀಸುತ್ತಾರೆ. ಬೀಜ ಕೊಟ್ಟ ಅಜ್ಜಿಯ ಮೊಮ್ಮಗಳೂ ಈ ಜೂನ್‌ನಿಂದ ಅದರಲ್ಲಿದ್ದಾಳೆ. ಅವಳು ನನ್ನ ಹತ್ತಿರ ಗರಗಸದವರೆಗೆ ಬಂದಿದ್ದಳು. ಇದಕ್ಕೆ ಲಿಖಿತ ವಿವರಣೆಯನ್ನು ಇದುವರೆಗೆ ಯಾರೂ ಕೇಳಿಲ್ಲ.

ಮೊಹರಿನ ವಿಷಯಕ್ಕೆ ಬಂದರೆ, ಕಡೆಗೆ ಸಾಹೇಬರು ನನ್ನ ಮಾತಿಗೆ ಒಪ್ಪಿ, ಇನ್ನು ಮುಂದೆ ಅಕ್ಷರದ ಪಟ್ಟಿಗಳಿಗೆ ಮೊಹರು ಹಾಕುವುದಿಲ್ಲವೆಂದು ಮಾತು ಕೊಟ್ಟರು, ಮಾತನ್ನು ಉಳಿಸಿಕೊಂಡೂ ಇದ್ದಾರೆ. ಅಂಕಿಗಳ ವಿಷಯ ನಮ್ಮಿಬ್ಬರ ಮಾತುಕತೆಯಲ್ಲಿ ಬಂದಿರಲಿಲ್ಲ. ಈ ಸೋಮವಾರ ನಾನು ಕೊಂಡೊಯ್ದ 1ರಿಂದ 9ರವರೆಗಿನ ಪಟ್ಟಿಗಳು ಊಟದ ಗಂಟೆಯ ಹೊತ್ತಿಗೆ 10, 20, 30 ಆಗಿ ಮರಳಿ ಬಂದವು. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಮಗು 99ರವರೆಗಿನ ಸಂಖ್ಯೆಗಳನ್ನು ಓದಬೇಕೆಂಬುದು ಎಳೆಯ ಮಕ್ಕಳಿಗೆ ಓದು, ಲೆಕ್ಕ ಕಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿ. ನಮ್ಮ ಮಕ್ಕಳು ಒಂದೇ ಮಧ್ಯಾಹ್ನದಲ್ಲಿ 90 ಮುಟ್ಟಿದರು. ಮುಂದಿನ ವಾರಕ್ಕೆ ಕೂಡುವ, ಕಳೆಯುವ ಚಿಹ್ನೆಗಳ ಪಟ್ಟಿ ಬೇಕಾಗಿವೆ. ಅವನ್ನು ಊಟದ ಡಬ್ಬಿಯ ಕೆಳಗಿಟ್ಟು ಬೆಳಗ್ಗೆ ಒಯ್ದು, ಸಂಜೆ ಹಾಗೆಯೇ ಮನೆಗೆ ತರುವುದೆಂದು ತೀರ್ಮಾನಿಸಿದ್ದೇನೆ.