ಹಿಮ್ಮೆಟ್ಟಿದಷ್ಟೂ ಮೇಲಕ್ಕೆ

ಸೇನೆಯಲ್ಲಿ ಮೇಲೆ ಬರಬೇಕಾದರೆ ಯುದ್ಧ ಗೆಲ್ಲಬೇಕು ಅಂತ ಯಾರೋ ಸುಮ್ನೆ ಸುದ್ದಿ ಹಬ್ಬಿಸಿದ್ದಾರೆ. ಲೌಡನ್‌ನ ನಾಲ್ಕನೇ ಅರ್ಲ್ ಜಾನ್ ಕ್ಯಾಂಬೆಲ್ ಸಾಹೇಬರ ಸರ್ವಿಸ್ ರೆಕಾರ್ಡನ್ನು ಅವರು ನೋಡಿಲ್ಲ. ಸ್ಕಾಟ್ಲೆಂಡಿನ ದೊಡ್ಡ ಮನೆತನ. 1731ರಲ್ಲಿ ವಂಶಪಾರಂಪರ್ಯದ ಅರ್ಲ್ ಪದವಿ ಮನೆಬಾಗಿಲಿಗೇ ಬಂತು. 1741ರಲ್ಲಿ ಸ್ಟರ್ಲಿಂಗ್ ಕೋಟೆಯ ಗವರ್ನರ್‌ಗಿರಿ. ಎಲ್ಲ ಚೆನ್ನಾಗೇ ನಡೆದಿತ್ತು, ಹಾಳಾದ್ದು ಯುದ್ಧ ಬಂತು.

1745ರಲ್ಲಿ ಚಾರ್ಲ್ಸ್ ಸ್ಟುವರ್ಟ್ ತನ್ನಪ್ಪನಿಗೆ ಬ್ರಿಟನ್ನಿನ ಸಿಂಹಾಸನ ಕೊಡಿಸಲು ದಂಗೆ ಎದ್ದ. ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಸರ್ಕಾರಿ ಸೈನ್ಯ ಅರ್ಧ ಗಂಟೆಯೂ ನಿಲ್ಲದೆ ಕಾಲಿಗೆ ಬುದ್ಧಿ ಹೇಳಿತು. ಸಾಹೇಬರು ಅಲ್ಲಿ ಅಡ್ಜುಟೆಂಟ್ ಜನರಲ್. ಇಷ್ಟು ಅನುಭವ ಸಾಕಲ್ವಾ? ಉತ್ತರದ ಇನ್ವರ್ನೆಸ್‌ನ ಸೈನ್ಯ ಅವರ ಕೈಗೇ ಬಂತು.

1746ರ ಫೆಬ್ರವರಿ. ಚಾರ್ಲ್ಸ್ ಹತ್ತಿರದ ಮೋಯ್ ಎಂಬಲ್ಲಿ ಮಲಗಿದ್ದಾನೆ ಅಂತ ಸುಳಿವು ಸಿಕ್ಕಿತು. ಸಾಹೇಬರು ಸುಮಾರು 1,500 ಜನರನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೊರಟರು. ದಾರಿಯಲ್ಲಿ ಕಾವಲಿಗಿದ್ದವನು ಡೊನಾಲ್ಡ್ ಫ್ರೇಸರ್ ಎಂಬ ಕಮ್ಮಾರ. ಜೊತೆಗೆ ನಾಲ್ಕು ಜನ. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಗುಂಡು ಹಾರಿಸಿ, ದೊಡ್ಡ ದೊಡ್ಡ ಕುಲಗಳ ಹೆಸರು ಹಿಡಿದು 'ಮುಂದೆ ಬನ್ನಿ' ಅಂತ ಕೂಗಿದರು, ಅಷ್ಟೇ. 1,500 ಜನ ಬಂದ ದಾರಿಯಲ್ಲೇ ವಾಪಸ್! ಎರಡು ದಿನದಲ್ಲಿ ಇನ್ವರ್ನೆಸ್ ಊರನ್ನೂ ಬಿಟ್ಟರು. ಮಾರ್ಚ್‌ನಲ್ಲಿ ಶತ್ರು ಮಂಜಿನ ಮರೆಯಲ್ಲಿ ದೋಣಿಯಲ್ಲಿ ನೀರು ದಾಟಿ ಬಂದಾಗ ಸಾಹೇಬರು ಸ್ಕೈ ದ್ವೀಪ ಸೇರಿದರು. ಏಪ್ರಿಲ್‌ನಲ್ಲಿ ಕಲ್ಲೋಡನ್‌ನಲ್ಲಿ ಸರ್ಕಾರ ಗೆದ್ದಿತು. ಸಾಹೇಬರು ಅಲ್ಲಿರಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ.

ಇಂಥವರನ್ನು ಸಣ್ಣ ಕೆಲಸಕ್ಕೆ ಇಟ್ಟುಕೊಳ್ಳುವುದು ತಪ್ಪಾಗುತ್ತದೆ. 1756ರಲ್ಲಿ, ಫ್ರೆಂಚರ ಜೊತೆ ಯುದ್ಧ ನಡೆಯುತ್ತಿದ್ದಾಗ, ಇಡೀ ಉತ್ತರ ಅಮೆರಿಕದ ಬ್ರಿಟಿಷ್ ಸೈನ್ಯಕ್ಕೆ ಮಹಾದಂಡನಾಯಕರನ್ನಾಗಿ ಕಳಿಸಿದರು. ಮೇಲೆ ವರ್ಜೀನಿಯಾದ ಗವರ್ನರ್ ಪದವಿ ಬೇರೆ. ಅಲ್ಲಿನ ಕೆಲಸವನ್ನೆಲ್ಲ ಉಪ ಗವರ್ನರ್ ನೋಡಿಕೊಳ್ಳುತ್ತಿದ್ದ.

ಅವರ ಆಡಳಿತಕ್ಕೆ ಸಾಕ್ಷಿ ಬೆಂಜಮಿನ್ ಫ್ರಾಂಕ್ಲಿನ್. ಆತ 1757ರಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹೊರಟಿದ್ದ. 'ಟಪಾಲು ಹಡಗು ಶನಿವಾರ ಹೊರಡುತ್ತೆ, ಸೋಮವಾರ ಬೆಳಿಗ್ಗೆಯೊಳಗೆ ಬಂದರೂ ಸಿಗುತ್ತೆ, ಇನ್ನೂ ತಡಮಾಡಬೇಡಿ' ಅಂತ ಸಾಹೇಬರೇ ಗುಟ್ಟಾಗಿ ಹೇಳಿದ್ದರು. ಪಾಪ, ಸೋಮವಾರ ಮಧ್ಯಾಹ್ನ ಏದುಸಿರು ಬಿಡುತ್ತಾ ತಲುಪಿದ. ಹಡಗು ಅಲ್ಲೇ ಇತ್ತು. ಎರಡು ತಿಂಗಳಾದರೂ ಅಲ್ಲೇ ಇತ್ತು. ಯಾಕೆಂದರೆ ಸಾಹೇಬರ ಪತ್ರ ಮುಗಿದಿರಲಿಲ್ಲ. ಯಾರೇ ಹೋಗಿ ನೋಡಲಿ, ಸಾಹೇಬರು ಮೇಜಿನ ಮುಂದೆ, ಕೈಯಲ್ಲಿ ಲೇಖನಿ. ಫಿಲಡೆಲ್ಫಿಯಾದಿಂದ ಬಂದ ಓಲೆಕಾರನಿಗೆ 'ನಾಳೆ ಒಂಬತ್ತಕ್ಕೆ ಬಾ, ಉತ್ತರ ಕೊಡ್ತೀನಿ' ಅಂದಿದ್ದರು. ಹದಿನೈದು ದಿನ ಕಳೆದರೂ ಅವನು ಅಲ್ಲೇ ಓಡಾಡುತ್ತಿದ್ದ. ನಮ್ಮೂರಲ್ಲಿ ದೆವ್ವ ಓಡಿಸಲು ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಅದನ್ನೇ ಸಾಹೇಬರು ಆಡಳಿತಕ್ಕೆ ತಂದರು. ಬೋರ್ಡಿನ ಮೇಲೆ ಚಿತ್ರ ಬರೆದಿರ್ತಾರಲ್ಲ, ಆ ಸಂತ ಸೇಂಟ್ ಜಾರ್ಜ್ ಥರ ಇವರು, ಯಾವಾಗಲೂ ಕುದುರೆ ಮೇಲೇ ಇರುತ್ತಾರೆ, ಮುಂದೆ ಮಾತ್ರ ಹೋಗಲ್ಲ ಅಂತ ಆ ಓಲೆಕಾರನೇ ಫ್ರಾಂಕ್ಲಿನ್ ಹತ್ತಿರ ಗೊಣಗಿದನಂತೆ.

ಕೊನೆಗೂ ಜೂನ್‌ನಲ್ಲಿ ಫ್ರೆಂಚರ ಲೂಯಿಬರ್ಗ್ ಕೋಟೆ ಹಿಡಿಯಲು ಸೈನ್ಯ ಹೊರಟಿತು. ಹ್ಯಾಲಿಫ್ಯಾಕ್ಸ್‌ವರೆಗೆ ಹೋಗಿ ನಿಂತಿತು. ಅಲ್ಲಿ ಸಿಪಾಯಿಗಳು ಅಣಕು ಯುದ್ಧ ಮಾಡಿದರು, ತರಕಾರಿ ತೋಟ ಹಾಕಿದರು. ತರಕಾರಿ ತಿಂದರೆ ಸ್ಕರ್ವಿ ರೋಗ ಬರಲ್ಲ, ಆ ಒಂದು ಕೆಲಸಕ್ಕೆ ಸಾಹೇಬರನ್ನು ಮೆಚ್ಚಲೇಬೇಕು. ಆದರೆ ಲಾರ್ಡ್ ಚಾರ್ಲ್ಸ್ ಹೇ ಎಂಬ ಮೇಜರ್ ಜನರಲ್, ನಾವು ಬಂದಿರೋದು ಎಲೆಕೋಸು ಬೆಳೆಯೋಕಾ ಅನ್ನೋ ಧಾಟಿಯಲ್ಲಿ ಮಾತಾಡಿದ. ಅವನನ್ನು ಬಂಧಿಸಿದರು. ಇಡೀ ದಂಡಯಾತ್ರೆಯಲ್ಲಿ ಸೆರೆ ಸಿಕ್ಕ ದೊಡ್ಡ ಅಧಿಕಾರಿ ಅವನೇ. ಆಗಸ್ಟ್‌ನಲ್ಲಿ ಲೂಯಿಬರ್ಗ್‌ನಲ್ಲಿ ಫ್ರೆಂಚ್ ಹಡಗು ಜಾಸ್ತಿ ಇವೆ ಅಂತ ಗೊತ್ತಾಗಿ ದಂಡಯಾತ್ರೆಯೇ ರದ್ದಾಯಿತು. ಅದೇ ವಾರ ಇತ್ತ ಬ್ರಿಟಿಷರ ಕೋಟೆ ಫೋರ್ಟ್ ವಿಲಿಯಂ ಹೆನ್ರಿ ಫ್ರೆಂಚರ ಪಾಲಾಯಿತು.

ಅದೇ 1757ರಲ್ಲಿ ವರ್ಜೀನಿಯಾದಲ್ಲಿ ಹೊಸದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಲೌಡನ್ ಅಂತ ಅವರ ಹೆಸರಿಟ್ಟರು. ಇವತ್ತು ಅಲ್ಲಿನ ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರ್‌ಗಳ ಸಾಲೇ ಇದೆ. ನಮ್ಮ ಕನ್ನಡದವರ ಮನೆಗಳೂ ಇವೆ. ಕ್ಷಣಕ್ಕೆ ಲಕ್ಷಗಟ್ಟಲೆ ಸಂದೇಶ ದಾಟಿಸುವ ಆ ಊರು ಇರುವುದು ಒಂದು ಪತ್ರ ಮುಗಿಸಲಾಗದವರ ಹೆಸರಿನ ಕೌಂಟಿಯಲ್ಲಿ!

ಲಂಡನ್‌ನಲ್ಲಿದ್ದ ಮಂತ್ರಿ ಪಿಟ್, ಸಾಹೇಬರನ್ನು ವಾಪಸ್ ಕರೆಸಿಕೊಂಡ. ಫ್ರಾಂಕ್ಲಿನ್ ಕಿವಿಗೆ ಬಿದ್ದ ಕಾರಣ ಏನು ಗೊತ್ತೇ? ಸಾಹೇಬರಿಂದ ಸುದ್ದಿಯೇ ಬರುತ್ತಿರಲಿಲ್ಲವಂತೆ. ಶಿಕ್ಷೆ ಏನೂ ಇಲ್ಲ. 1763ರಲ್ಲಿ ಎಡಿನ್‌ಬರ್ಗ್ ಕೋಟೆಯ ಗವರ್ನರ್, 1770ರಲ್ಲಿ ಪೂರ್ಣ ಜನರಲ್. 1782ರಲ್ಲಿ ತೀರಿಕೊಳ್ಳುವವರೆಗೂ ಎಡಿನ್‌ಬರ್ಗ್ ಕೋಟೆ ಅವರದೇ.

ಕಾಗದಪತ್ರ ಮಾತ್ರ ಹಾಳಾಗಿಲ್ಲ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿ ಸಾವಿರಗಟ್ಟಲೆ ಇವೆ. ಹಿಂದಿನ ಜನರಲ್‌ನ ಸೈನ್ಯಕ್ಕೆ ಬಂಡಿ, ಕುದುರೆ ಒದಗಿಸಿದ್ದ ಬಾಕಿ ಹಣವನ್ನು ಸಾಹೇಬರ ಹತ್ತಿರ ಫ್ರಾಂಕ್ಲಿನ್ ಕೇಳಿದ್ದ. ಸೈನ್ಯಕ್ಕೆ ಸಾಮಾನು ಕೊಟ್ಟವರೆಲ್ಲ ಜೇಬು ತುಂಬಿಸಿಕೊಂಡೇ ಇರುತ್ತಾರೆ, ನಿಮಗೇನು ನಷ್ಟ ಅಂದರು ಸಾಹೇಬರು. ನಾನು ಒಂದು ಕಾಸೂ ಮುಟ್ಟಿಲ್ಲ ಅಂತ ಫ್ರಾಂಕ್ಲಿನ್ ಅಂದರೆ ನಂಬಲೇ ಇಲ್ಲ. ಆ ಬಾಕಿ ಇವತ್ತಿಗೂ ಬಂದಿಲ್ಲ ಅಂತ ಎಷ್ಟೋ ವರ್ಷಗಳ ಮೇಲೆ ಮುದುಕ ಫ್ರಾಂಕ್ಲಿನ್ ಬರೆದಿಟ್ಟಿದ್ದಾನೆ.