ದೋಣಿ ಮುಳುಗಿದ್ದಕ್ಕೆ ನೀರು ಕಾರಣವಲ್ಲವಂತೆ

ನನ್ನ ದೋಣಿ ಒಂದು ರಾತ್ರಿ ಕಟ್ಟಿದ ಜಾಗದಲ್ಲೇ ಮುಳುಗಿತು. ಬಿರುಗಾಳಿ ಇರಲಿಲ್ಲ, ಬಂಡೆ ಇರಲಿಲ್ಲ, ಯಾರೂ ಬಂದು ಗುದ್ದಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಜೆಟ್ಟಿಯ ಕಂಬದಿಂದ ಹಗ್ಗ ನೆಟ್ಟಗೆ ನೀರೊಳಗೆ ಇಳಿದಿತ್ತು. ಅದರ ಇನ್ನೊಂದು ತುದಿಯಲ್ಲಿ ದೋಣಿ. ನಾನು ಹಾಕಿದ ಗಂಟು ಮಾತ್ರ ಒಂದಿಷ್ಟೂ ಸಡಿಲವಾಗಿರಲಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ತಂದುಕೊಂಡೆ. ಆರು ವಾರ ಕಳೆದ ಮೇಲೆ ಪತ್ರ ಬಂತು. 'ವಿಷಾದದಿಂದ ತಿಳಿಸುತ್ತೇವೆ' ಅಂತ ಶುರುವಾಗುವ ಪತ್ರದ ಜೊತೆ ಚೆಕ್ ಬಂದಿದ್ದನ್ನು ಯಾರಾದರೂ ನೋಡಿದ್ದೀರಾ? ದೋಣಿ ಮುಳುಗಿದ್ದನ್ನು ಕಂಪನಿ ಒಪ್ಪುತ್ತದೆ. ಒಳಗೆ ನೀರು ತುಂಬಿದ್ದನ್ನೂ ಒಪ್ಪುತ್ತದೆ. ಆದರೆ ಮುಳುಗಿದ್ದಕ್ಕೆ ನೀರು ಕಾರಣವಲ್ಲವಂತೆ. ಒಂದು ಕ್ಲಿಪ್ಪು ಕಾರಣವಂತೆ.

ಆ ಕ್ಲಿಪ್ಪು ಈಗ ನನ್ನ ಮೇಜಿನ ಮೇಲಿದೆ. ಎಂಜಿನ್ ತಂಪು ಮಾಡಲು ಹೊರಗಿನ ನೀರನ್ನು ಒಳಗೆ ತರುವ ರಬ್ಬರ್ ಪೈಪ್ ಇರುತ್ತದಲ್ಲ, ಅದನ್ನು ಬಿಗಿದು ಹಿಡಿಯುವ ಉಕ್ಕಿನ ಬಳೆ. ಸ್ಕ್ರೂ ಇರುವ ಕಡೆ ತುಕ್ಕು ತಿಂದು ತುಂಡಾಗಿದೆ. ಬೆರಳಿಟ್ಟರೆ ಕಂದು ಪುಡಿ ಅಂಟುತ್ತದೆ. ಪೈಪ್ ಕಳಚಿತು, ನೀರು ನುಗ್ಗಿತು. ತಳದ ಪಂಪ್ ಬ್ಯಾಟರಿ ಇರುವ ತನಕ ನೀರು ಎತ್ತಿ ಹಾಕಿ, ಆಮೇಲೆ ಅದೂ ಮುಳುಗಿತು. ತುಕ್ಕು ಅಂದರೆ ಸವಕಳಿ, ಸವಕಳಿಗೆ ಕವರ್ ಇಲ್ಲ. ಮುಗಿಯಿತು ಕಥೆ.

ಇಷ್ಟಕ್ಕೆ ಇವರೊಬ್ಬರನ್ನೇ ಬೈದರೆ ತಪ್ಪಾಗುತ್ತದೆ, ಇದರ ಬೇರು ಹಳೆಯದು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆ ಹಲವು ದೇಶಗಳ ಕಾನೂನಿಗೆ ಮಾದರಿ. ಅದರ ಪ್ರಕಾರ 'ಸಮುದ್ರದ ಅಪಾಯ' ಅಂದರೆ ಆಕಸ್ಮಿಕವಾಗಿ ಆದ ಅವಘಡ ಮಾತ್ರ. ಗಾಳಿ, ಅಲೆಗಳ ಮಾಮೂಲಿ ಕೆಲಸ ಅದರಲ್ಲಿ ಸೇರುವುದಿಲ್ಲ. ಅಂದರೆ ಸಮುದ್ರ ಏನಾದರೂ ಹೊಸದನ್ನು ಮಾಡಿ ತೋರಿಸಬೇಕು. ದಿನಾ ಮಾಡುವುದನ್ನೇ ಮಾಡಿ ನಿಮ್ಮನ್ನು ಮುಳುಗಿಸಿದರೆ ಅದು ಲೆಕ್ಕಕ್ಕಿಲ್ಲ.

ಇಲಿಗಳಿಗೂ ಇಲ್ಲಿ ಜಾಗ ಇದೆ, ಗೊತ್ತಾ? 1887ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಂದು ಹಡಗಿನ ಇಲಿಗಳ ವಿಷಯ ಬಂತು. ಅವು ಪೈಪ್ ಕಡಿದು, ಸಮುದ್ರದ ನೀರು ನುಗ್ಗಿ, ಅಕ್ಕಿ ಹಾಳಾಗಿತ್ತು. ಇದು ಸಮುದ್ರದ ಅವಘಡವೇ ಅಂತ ದೊಡ್ಡವರು ತೀರ್ಪು ಕೊಟ್ಟರು. ಅದು ಸಾಗಣೆ ಕರಾರಿನ ಜಗಳ, ವಿಮೆಯದಲ್ಲ. ಆದರೂ 1906ರ ಕಾಯ್ದೆ ಬರೆಯುವಾಗ ಇಲಿಯಿಂದ ನೇರವಾಗಿ ಆದ ನಷ್ಟಕ್ಕೆ ವಿಮೆದಾರ ಹೊಣೆಯಲ್ಲ ಅಂತ ಹೆಸರು ಹಿಡಿದೇ ಹಾಕಿದ್ದಾರೆ, ಪಾಲಿಸಿಯಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ. ನನ್ನ ಪೈಪಿಗೆ ಇಲಿಯ ಹಲ್ಲು ತಾಗಿರಲಿಲ್ಲ ಅಂತ ಒಂದು ಕ್ಷಣ ಖುಷಿಯೇ ಆಯಿತು.

ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು.

"ಸಾರ್, ನಿಮ್ಮ ದೋಣಿ ಈಗ ಎಲ್ಲಿದೆ?"

"ಮೇಲೆತ್ತಿ ದಡದಲ್ಲಿ ಇಟ್ಟಿದ್ದೇನೆ."

"ಹಾಗಾದ್ರೆ ಈಗ ಮುಳುಗಿಲ್ಲ ಅಲ್ವಾ ಸಾರ್?"

ಮೇಲೆತ್ತದೆ ಬಿಟ್ಟಿದ್ದರೆ ಇನ್ನೊಂದು ಪತ್ರ ಬರುತ್ತಿತ್ತು. ನಷ್ಟ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ಪಾಲಿಸಿ ಹೊಂದಿದವನ ಜವಾಬ್ದಾರಿ. ಅದಕ್ಕೇ ಎತ್ತಿಸಿದೆ, ಎಂಜಿನ್ನಿನ ಉಪ್ಪು ಹೋಗಲಿ ಅಂತ ಸಿಹಿನೀರಿನಲ್ಲಿ ತೊಳೆಸಿದೆ. ಅದಕ್ಕೆ ನಷ್ಟ ಪರಿಶೀಲಿಸಲು ಕಂಪನಿ ಕಳಿಸಿದ ಸರ್ವೇಯರ್ ಬರೆದಿದ್ದು: 'ತಪಾಸಣೆಗೆ ಮುಂಚೆಯೇ ಎಂಜಿನ್ ತೊಳೆಯಲಾಗಿದೆ, ಸಾಕ್ಷ್ಯ ನಾಶವಾಗಿದೆ.' ಆ ಮಹಾಶಯರು ಬಂದಿದ್ದು ಹನ್ನೆರಡನೇ ದಿನ. ತೊಳೆಯದಿದ್ದರೆ ಅಷ್ಟರೊಳಗೆ ಎಂಜಿನ್ ತುಕ್ಕಿನ ಮುದ್ದೆಯಾಗಿರುತ್ತಿತ್ತು. ತುಕ್ಕು ಅಂದರೆ ಏನು ಅಂತ ಆಗಲೇ ಹೇಳಿದೆನಲ್ಲ.

ಆಮೇಲೆ ಬುದ್ಧಿ ಬಂತು. ಫೋನ್ ಬಿಟ್ಟು ಕಾಗದ ಹಿಡಿದೆ. ಯಾವ ಷರತ್ತಿನ ಮೇಲೆ ಕ್ಲೇಮ್ ತಿರಸ್ಕರಿಸಿದಿರಿ, ಪೂರ್ತಿ ವಾಕ್ಯ ಕೊಡಿ ಅಂದೆ. ಅವರು ಕೊಟ್ಟಿದ್ದು: 'ಸವಕಳಿ, ತುಕ್ಕು ಹಾಗೂ ನಿಧಾನವಾಗಿ ಆಗುವ ಹಾಳಿಗೆ ಪರಿಹಾರವಿಲ್ಲ'. ಕೊನೆಯಲ್ಲಿ ಪೂರ್ಣವಿರಾಮ. ನನ್ನ ಪಾಲಿಸಿ ತೆಗೆದು ನೋಡಿದರೆ ಅಲ್ಲಿರುವುದು ಅಲ್ಪವಿರಾಮ! ಅದರ ಮುಂದೆ, ಅಲ್ಲೇ: 'ಆದರೆ ಅದರಿಂದಾಗಿ ದೋಣಿ ಮುಳುಗಿದಲ್ಲಿ ಆ ಹಾನಿಗೆ ಈ ಷರತ್ತು ಅನ್ವಯಿಸದು.' ಎಲ್ಲ ಪಾಲಿಸಿಯಲ್ಲೂ ಈ ಸಾಲು ಇರುವುದಿಲ್ಲ. ನನ್ನದರಲ್ಲಿ ಇತ್ತು. ಹಾಗಿದ್ದರೆ ಕ್ಲಿಪ್ಪಿನ ಬೆಲೆ ನನ್ನ ತಲೆಗೆ, ದೋಣಿಯ ನಷ್ಟ ಅವರ ತಲೆಗೆ. ಒಂದು ಅಲ್ಪವಿರಾಮದ ಬಾಲ ಕತ್ತರಿಸಿ ಇಡೀ ದೋಣಿಯನ್ನೇ ಉಳಿಸಿಕೊಂಡಿದ್ದರು ಪುಣ್ಯಾತ್ಮರು.

ನನ್ನ ಕಡೆಯಿಂದಲೂ ಒಬ್ಬ ಸರ್ವೇಯರನ್ನು ಹಿಡಿದೆ. ಕಳೆದ ಮೂರು ವರ್ಷದ ಸರ್ವೀಸ್ ಬಿಲ್ಲು, ಫೋಟೋ, ನನ್ನ ಸರ್ವೇಯರ್ ಕೊಟ್ಟ ವರದಿ ಎಲ್ಲ ಸೇರಿಸಿ ಮತ್ತೆ ಬರೆದೆ. ನಷ್ಟವಾಗಿದೆ ಅಂತ ತೋರಿಸುವುದು ನನ್ನ ಕೆಲಸ, ಪರಿಹಾರವಿಲ್ಲ ಅನ್ನುವ ಷರತ್ತು ಇದಕ್ಕೆ ಅನ್ವಯಿಸುತ್ತದೆ ಅಂತ ಸಾಬೀತು ಮಾಡುವುದು ನಿಮ್ಮ ಕೆಲಸ ಅಂದೆ. ಷರತ್ತು ಎರಡು ಅರ್ಥ ಕೊಟ್ಟರೆ ಕೋರ್ಟುಗಳು ಸಾಮಾನ್ಯವಾಗಿ ಅದನ್ನು ಬರೆದವರ ವಿರುದ್ಧ ಓದುತ್ತವೆ ಅಂತಲೂ ಸೇರಿಸಿದೆ. ಇದು ಫೋನಿನಲ್ಲಿ ಹೇಳಿದ್ದರೆ ಮತ್ತೆ ಸಂಗೀತ ಹಾಕುತ್ತಿದ್ದರು. ಕಾಗದಕ್ಕೆ ಹಾಕಲು ಸಂಗೀತ ಇಲ್ಲ.

ಹತ್ತು ದಿನದಲ್ಲಿ ಉತ್ತರ. ಈ ಸಲ ವಿಷಾದ ಇರಲಿಲ್ಲ. 'ನಿಮ್ಮ ಪ್ರಕರಣವನ್ನು ಮರುಪರಿಶೀಲಿಸಲಾಗುವುದು. ಮೂಲ ಕ್ಲಿಪ್ಪನ್ನು ನಮ್ಮ ತಜ್ಞರಿಗೆ ಕಳಿಸಿಕೊಡಿ.'

ಕ್ಲಿಪ್ಪಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದು, ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ತೂಕ ಮಾಡಿ, ವಿಳಾಸ ಬರೆದುಕೊಂಡು, ತಲೆ ಎತ್ತಿ ಕೇಳಿದ:

"ಇದಕ್ಕೆ ಇನ್ಶೂರೆನ್ಸ್ ಮಾಡಿಸ್ತೀರಾ ಸಾರ್?"

ಡಬ್ಬಿ ವಾಪಸ್ ತೆಗೆದುಕೊಂಡೆ. ನಾಳೆ ನಾನೇ ಹೋಗಿ ಕೈಯಲ್ಲಿ ಕೊಟ್ಟು, ರಸೀದಿ ಬರೆಸಿಕೊಂಡು ಬರುತ್ತೇನೆ.